ಕೇಳಿ ತೆರೆಯುವವನು

ತೆರೆದಿದ್ದ ಬಾಗಿಲನ್ನೂ ತಟ್ಟುವ ಮನುಷ್ಯನನ್ನು ನಾನು ನೋಡಿದ್ದು ಒಬ್ಬನನ್ನೇ. ಬಾಗಿಲು ಹಾರುಹೊಡೆದಿರಲಿ, ಒಳಗೆ ನಾಲ್ಕು ಜನ ಮಾತಾಡುವುದು ಬೀದಿಗೆ ಕೇಳುತ್ತಿರಲಿ, ಅದು ಅವನ ಸ್ವಂತ ಮನೆಯೇ ಆಗಿರಲಿ, ಹೊಸ್ತಿಲಿನಾಚೆ ನಿಂತು ಬೆರಳ ಗೆಣ್ಣಿನಿಂದ ಚೌಕಟ್ಟನ್ನು ಮೆಲ್ಲಗೆ ಕುಟ್ಟಿ, "ಬರ್ಲಾ?" ಎಂದು ಕೇಳಿ, ಯಾರಾದರೂ "ಬಾ" ಎನ್ನುವ ತನಕ ಅಲ್ಲೇ ನಿಂತಿರುತ್ತಿದ್ದ. ಬೀರುವನ್ನೋ ಬಿಸ್ಕತ್ತಿನ ಡಬ್ಬಿಯನ್ನೋ ತೆರೆಯುವಾಗಲೂ ಕೈ ಒಂದು ಕ್ಷಣ ತಡೆಯುತ್ತಿತ್ತು, ತುಟಿ ಸಣ್ಣಗೆ ಅಲುಗುತ್ತಿತ್ತು. "ಡಬ್ಬಿಯ ಅಪ್ಪಣೆ ಕೇಳ್ತಿದ್ದಾರೆ, ಸುಮ್ನಿರಕ್ಕ, ಗಲಾಟೆ ಮಾಡ್ಬೇಡ" ಎಂದು ನನ್ನ ತಂಗಿ ಅವನ ಎದುರಿಗೇ ಹೇಳಿ ನಗುತ್ತಿದ್ದಳು. ಅವನು ಅವಳ ಗಂಡ.

ಮದುವೆಯಾದ ಹೊಸದರಲ್ಲಿ ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದವನು ಹೀಗೆಯೇ ತೆರೆದ ಬಾಗಿಲ ಹೊರಗೆ ಚೀಲ ಹಿಡಿದು ನಿಂತಿದ್ದ. ನಾನು ಒಳಗಿನ ಕೋಣೆಯಲ್ಲಿ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ, ತಟ್ಟಿದ್ದು ಕೇಳಿಸಿರಲಿಲ್ಲ. ಎದ್ದು ಬರುವಷ್ಟರಲ್ಲಿ ಅವನ ಮುಖ ಬಿಸಿಲಿಗೆ ಕೆಂಪಾಗಿತ್ತು.

"ತೆಗೆದಿರೋ ಬಾಗಿಲನ್ನ ಯಾಕಪ್ಪಾ ತಟ್ತೀಯ? ಒಳಗೆ ಬರೋದಲ್ವಾ?"

"ತೆಗೆದಿದೆ ಅಂದ್ರೆ ಒಳಗೆ ಯಾರೋ ಇದ್ದಾರೆ ಅಂತ ಅರ್ಥ ಅತ್ತಿಗೆ. ಅದಕ್ಕೇ ಕೇಳಿದ್ದು. ಮುಚ್ಚಿದ್ರೆ ಇಷ್ಟು ಯೋಚನೆ ಇರಲ್ಲ."

ತರ್ಕಶಾಸ್ತ್ರವನ್ನು ಕಾಲೇಜಿನಲ್ಲಿ ಕಲಿಸಿ ತಲೆ ನರೆಸಿಕೊಂಡ ನನಗೆ ಈ ಉತ್ತರದಲ್ಲಿ ತಪ್ಪು ಹುಡುಕಲಾಗಲಿಲ್ಲ. ಸಿಟ್ಟು ಮಾತ್ರ ಬಂತು.

ಅವನು ಉದ್ದಕ್ಕೆ ಬೆಳೆದ, ಮೈಯಲ್ಲಿ ಮಾಂಸವಿಲ್ಲದ ಮನುಷ್ಯ. ನಡೆಯುವಾಗ ಓಣಿಯ ಒಂದು ಪಕ್ಕಕ್ಕೆ, ಗೋಡೆಗೆ ಹೆಗಲು ತಾಗುವಂತೆ ನಡೆಯುತ್ತಿದ್ದ. ನಡುವಿನ ಜಾಗವನ್ನು ಹಿಂದಿನಿಂದ ಬರುವ ಯಾರಿಗೋ ಮೊದಲೇ ಬಿಟ್ಟುಕೊಟ್ಟಂತೆ ಇರುತ್ತಿತ್ತು ಆ ನಡಿಗೆ. ಕಂದು ಬಣ್ಣದ ಒಂದು ಉಣ್ಣೆಯ ಕೋಟು ಅವನ ಚರ್ಮವೇ ಆಗಿಬಿಟ್ಟಿತ್ತು. ಅವನ ಕಚೇರಿಯಲ್ಲಿ ಯಂತ್ರಗಳನ್ನಿಟ್ಟ ಕೋಣೆಯನ್ನು ಸದಾ ತಂಪಾಗಿಡುತ್ತಾರಂತೆ, ಅಲ್ಲಿಗೆಂದು ಕೊಂಡದ್ದು. ಆದರೆ ಬೇಸಗೆಯ ಬೀದಿಯಲ್ಲೂ ಅವನು ಅದನ್ನು ತೆಗೆಯುತ್ತಿರಲಿಲ್ಲ. ಸದಾ ಕೈ ತೂರಿಸಿಕೊಂಡಿರುತ್ತಿದ್ದರಿಂದ ಕೋಟಿನ ಜೇಬುಗಳು ಬಾಯಿ ಬಿಟ್ಟು ಜೋತಿದ್ದವು. ಯಾರೇನು ಕೇಳಿದರೂ ಉತ್ತರಿಸುವ ಮುಂಚೆ ಒಂದಿಷ್ಟು ಹೊತ್ತು ಸುಮ್ಮನಿರುವುದು ಇನ್ನೊಂದು ಚಾಳಿ. ಫೋನಿನಲ್ಲಿ ಮಾತಾಡುವವರು ಸಂಪರ್ಕ ಕಡಿದುಹೋಯಿತೆಂದು "ಹಲೋ, ಹಲೋ" ಎಂದು ಕೂಗಿಕೊಳ್ಳುತ್ತಿದ್ದರು.

ಟೆಲಿವಿಷನ್ನಿನ ಕೆಳಗೆ ಇಡುವ ಪೆಟ್ಟಿಗೆಗಳನ್ನು ತಯಾರಿಸುವ ಒಂದು ಕಂಪನಿಯಲ್ಲಿ ಅವನಿಗೆ ಕೆಲಸ. ಪೆಟ್ಟಿಗೆಯೊಳಗೆ ಗಾಳಿಯಲ್ಲಿ ಬರುವ ಡಿಜಿಟಲ್ ಅಲೆಯನ್ನು ಹಿಡಿಯುವ ಒಂದು ಯಂತ್ರಭಾಗವಿರುತ್ತದೆ, ಟ್ಯೂನರ್ ಎನ್ನುತ್ತಾರೆ. ಚಿತ್ರ ತೋರಿಸಬೇಕೆನ್ನುವ ಯಾವ ಪ್ರೋಗ್ರಾಮೂ ಅದನ್ನು ನೇರವಾಗಿ ಮುಟ್ಟುವಂತಿಲ್ಲ. ಆಪರೇಟಿಂಗ್ ಸಿಸ್ಟಂ ಎಂಬ ಮೇಲ್ವಿಚಾರಕನನ್ನು ಕರೆದು, ಇಂಥ ಹೆಸರಿನ ಟ್ಯೂನರನ್ನು ನನಗೆ ತೆರೆದುಕೊಡು ಎಂದು ಬಿನ್ನವಿಸಿಕೊಳ್ಳಬೇಕು. ಅವನು ಒಪ್ಪಿದರೆ ಒಂದು ಸಣ್ಣ ಸಂಖ್ಯೆಯನ್ನು ಚೀಟಿಯ ಹಾಗೆ ಕೈಗಿಡುತ್ತಾನೆ. ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲವೆಂದು ಇನ್ನೊಂದು ಸಂಖ್ಯೆಯಲ್ಲಿ ತಿಳಿಸುತ್ತಾನೆ. ನನ್ನ ತಂಗಿಯ ಗಂಡ ತನ್ನ ವೃತ್ತಿಜೀವನದ ಬಹುಪಾಲನ್ನು ಈ ಒಂದು ಬಿನ್ನಹವನ್ನು ಸರಿಯಾಗಿ ಬರೆಯುವುದರಲ್ಲಿ ಕಳೆದ. ಆ ಮೇಲ್ವಿಚಾರಕನನ್ನು ಅವನು "ಯಜಮಾನರು" ಎನ್ನುತ್ತಿದ್ದ. "ಯಜಮಾನರನ್ನ ಕೇಳ್ಬೇಕು", "ಯಜಮಾನರು ಬೇಡ ಅಂದ್ರು" ಎಂದು ಊಟಕ್ಕೆ ಕೂತಾಗಲೂ ಗೊಣಗಿಕೊಳ್ಳುವುದನ್ನು ಕೇಳಿ ತಂಗಿ, "ನಮ್ಮನೆ ಯಜಮಾನ್ರಿಗೂ ಒಬ್ರು ಯಜಮಾನ್ರು. ನಾನು ಯಾರ ಹತ್ರ ಹೋಗಿ ದೂರು ಹೇಳ್ಲಿ, ನೀನೇ ಹೇಳಕ್ಕ" ಎನ್ನುವಳು.

ಒಮ್ಮೆ ನಾನು ಕೇಳಿದ್ದುಂಟು, ತೆರೆಯುವುದರಲ್ಲಿ ಅಂಥದ್ದೇನಿದೆ, ಅಷ್ಟು ವರ್ಷ ಬರೆಯುವುದಕ್ಕೆ, ಎಂದು. ಅವನು ವಿವರಿಸಿದ. ತೆರೆಯುವುದರಲ್ಲಿ ಎರಡು ಬಗೆ. ಬರೀ ನೋಡುತ್ತೇನೆ ಎಂದು ತೆರೆಯಬಹುದು. ಹಾಗೆ ಎಷ್ಟು ಜನ ಬೇಕಾದರೂ ಒಟ್ಟಿಗೆ ತೆರೆಯಬಹುದು, ಆದರೆ ಅವರು ಅಲೆಯ ಬಲ ಎಷ್ಟಿದೆಯೆಂದು ಓದಬಹುದೇ ಹೊರತು ಚಾನೆಲ್ ಬದಲಿಸಲಾರರು. ನೋಡುತ್ತೇನೆ, ನಡೆಸುತ್ತೇನೆ, ಎರಡೂ ಹಕ್ಕು ಬೇಕು ಎಂದೂ ತೆರೆಯಬಹುದು. ಆ ಹಕ್ಕು ಒಂದು ಸಲಕ್ಕೆ ಒಬ್ಬರಿಗೆ ಮಾತ್ರ. ಅವರು ಬಿಡುವ ತನಕ ಬೇರೆ ಯಾರು ಬಂದು ಆ ಹಕ್ಕು ಕೇಳಿದರೂ, ಒಳಗೆ ಜನ ಇದ್ದಾರೆ ಎಂದು ಯಜಮಾನರು ವಾಪಸು ಕಳಿಸುತ್ತಾರೆ.

"ಅಂದ್ರೆ ಬಚ್ಚಲುಮನೆ ಚಿಲಕ ಅನ್ನಿ" ಎಂದಳು ತಂಗಿ, ಬಟ್ಟೆ ಮಡಿಸುತ್ತ.

ಅವನು ಗಂಭೀರವಾಗಿ ಯೋಚಿಸಿ, "ಹೌದು. ಆದ್ರೆ ಒಳಗೆ ಹೋದೋರು ನಿದ್ದೆ ಮಾಡ್ಬಿಟ್ರೆ ಏನ್ಮಾಡೋದು ಅನ್ನೋದೇ ನಮ್ಮ ಕೆಲಸ" ಎಂದ. ಅವಳು ಮಡಿಸಿದ್ದ ಬಟ್ಟೆಯನ್ನೆಲ್ಲ ಕೆಡವಿಕೊಂಡು ನಕ್ಕಳು. ಅವನ ಮುಖದಲ್ಲೂ ನಗು ಬಂತು, ಸ್ವಲ್ಪ ತಡವಾಗಿ.

ಕಚೇರಿಯಲ್ಲಿ ಅವನಿಗೆ "ಬರ್ಲಾ ಸಾರ್" ಎಂದೇ ಹೆಸರು ಬಿದ್ದಿತ್ತು. ಅವನ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ, ಬಾಯಿ ಜೋರಿನ ಒಬ್ಬ ಹೆಂಗಸು ನನಗೆ ಹೇಳಿದ ಮಾತಿದು: ಬೇರೆಯವರು ಬರೆದ ಪ್ರೋಗ್ರಾಮನ್ನು ಓದುವಾಗ ಎಲ್ಲಾದರೂ ಟ್ಯೂನರನ್ನು ತೆರೆಯಲು ಹೇಳಿ, ಬಂದ ಉತ್ತರವನ್ನು ನೋಡದೆ ಮುಂದಿನ ಸಾಲಿಗೆ ಹೋಗಿದ್ದರೆ ಅವನ ಮುಖ ಸಪ್ಪಗಾಗುತ್ತಿತ್ತಂತೆ. "ನಿಮ್ಮನ್ನ ಹೀಗೆ ಮಾತಾಡಿಸಿ, ನೀವು ಬಾಯಿ ತೆಗೆಯೋದ್ರೊಳಗೆ ಯಾರಾದ್ರೂ ಎದ್ದು ಹೋದ್ರೆ ಹೇಗಿರತ್ತೆ?" ಎಂದು ಕೇಳುತ್ತಿದ್ದನಂತೆ. "ಸಾರ್, ನಮ್ಮನೇಲಿ ದಿನಾ ಹಾಗೇ ಹೋಗ್ತಾರೆ" ಎಂದಳಂತೆ ಈಕೆ.

ನನ್ನ ತಂಗಿಯ ಉದ್ಯೋಗವನ್ನು ಇಲ್ಲಿ ಹೇಳಬೇಕು. ಅವಳು ಒಂದು ಸಣ್ಣ ಚಾನೆಲ್ಲಿನಲ್ಲಿ ಸಂಜೆಯ ವಾರ್ತೆಯ ಕೊನೆಗೆ ಹವಾಮಾನ ಓದುತ್ತಿದ್ದಳು. ಸುಂದರಿ ಎನ್ನುವಂತಿರಲಿಲ್ಲ, ಸ್ವರ ಮಾತ್ರ ಅಪರೂಪದ್ದು. ತುಂಬಿದ, ಅವಸರವಿಲ್ಲದ ಸ್ವರ. ಬಿರುಗಾಳಿ ಬರುತ್ತದೆಂದು ಅವಳು ಹೇಳಿದರೆ, ಬರಲಿ, ಕಿಟಕಿ ಹಾಕಿಕೊಂಡರಾಯಿತು ಎನ್ನಿಸುತ್ತಿತ್ತು. ಆ ಚಾನೆಲ್ಲಿನವರು ವಾರ್ತೆಯನ್ನು ಕಾಪಿಡುತ್ತಿದ್ದರು, ಹವಾಮಾನವನ್ನು ಇಡುತ್ತಿರಲಿಲ್ಲ. ಮರುದಿನಕ್ಕೆ ಹಳಸುವ ಮಾಲನ್ನು ಯಾರು ಕೂಡಿಡುತ್ತಾರೆ? ಮನೆಯಲ್ಲಿಯೂ ಅವಳ ಸ್ವರವನ್ನು ಹಿಡಿದಿಡುವ ಯೋಚನೆ ಯಾರಿಗೂ ಬಂದಿರಲಿಲ್ಲ. ಅದು ದಿನವೂ ಕೇಳುತ್ತಿತ್ತು.

ಅವಳ ಗಂಟಲು ಕಟ್ಟಿತು. ನೆಗಡಿಯೆಂದುಕೊಂಡರು, ನೆಗಡಿ ಬಂದು ಹೋದ ಮೇಲೂ ಗಂಟಲು ಬಿಡಲಿಲ್ಲ. ಪರೀಕ್ಷೆಗಳಾದ ಬಳಿಕ ಶಸ್ತ್ರವೈದ್ಯರು ಅವನನ್ನು ಮೊಗಸಾಲೆಗೆ ಕರೆದು, ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕಾಗುತ್ತದೆ, ಆಮೇಲೆ ಮಾತಿರುವುದಿಲ್ಲ ಎಂದು ಹೇಳಿದರು. ಆ ವೈದ್ಯರಿಗೆ ಮನೆಯವರು ಒಪ್ಪಿದರೆ ರೋಗಿ ಒಪ್ಪಿದಂತೆಯೇ. ಗಡ್ಡೆ ತೆಗೆಯುತ್ತಾರೆ ಎಂದಷ್ಟೇ ಅವಳಿಗೆ ಹೇಳಲಾಯಿತು. ನನಗೆ ಇದು ಸರಿಯೆನ್ನಿಸಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಅವನನ್ನು ನಿಲ್ಲಿಸಿಕೊಂಡು ಕೇಳಿದೆ.

"ಗಂಟಲು ಅವಳದ್ದು. ಅವಳಿಗೆ ಹೇಳ್ಬೇಡ್ವಾ? ಡಬ್ಬಿ ಮುಚ್ಚಳ ತೆಗೆಯೋಕೆ ಕೇಳೋನು ನೀನು."

ಅವನು ಜೇಬಿನೊಳಗಿಂದ ಕೈ ತೆಗೆಯಲಿಲ್ಲ. "ಅವಳು ಇನ್ನೊಂದು ಸಲ ಓದ್ತಾಳೆ ಅತ್ತಿಗೆ. ರಜಕ್ಕೆ ಮುಂಚೆ. ಕೊನೇದು ಅಂತ ಗೊತ್ತಾದ್ರೆ ಓದೋಕಾಗಲ್ಲ ಅವಳಿಗೆ. ಓದ್ಲಿ. ನಾನು ಅದನ್ನ ಹಿಡಿದಿಡ್ತೀನಿ" ಎಂದ.

ಮನೆಯಲ್ಲೇ ಒಂದು ಧ್ವನಿಮುದ್ರಕದ ಮುಂದೆ ಅವಳನ್ನು ಕೂರಿಸಿ ನಾಲ್ಕು ಮಾತಾಡಿಸಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಕೂರಿಸಿದರೆ ಯಾಕೆಂದು ಅವಳು ಕೇಳುತ್ತಿದ್ದಳು. ಅವಳಿಗೆ ತಿಳಿಯದಂತೆ ಕದ್ದು ಹಿಡಿಯಬಹುದಿತ್ತು. ಅದು ಅವನ ಕೈಯಲ್ಲಿ ಆಗುವ ಕೆಲಸವಲ್ಲ. ಟೆಲಿವಿಷನ್ನಿನಲ್ಲಿ ಅವಳು ಎಲ್ಲರಿಗೂ ಕೊಡುವ ಸ್ವರವನ್ನು, ಎಲ್ಲರಂತೆ ತಾನೂ ಪಡೆದು ಇಟ್ಟುಕೊಳ್ಳಬಹುದು ಎಂಬುದು ಅವನು ತನಗೆ ತಾನೇ ಹಾಕಿಕೊಂಡ ಗೆರೆ. ಹೊಸ ಯಂತ್ರವೊಂದನ್ನು ಪರೀಕ್ಷಿಸಲು ನಿನ್ನ ಕಾರ್ಯಕ್ರಮವನ್ನೇ ಹಿಡಿಯುತ್ತೇನೆಂದು ಅವಳಿಗೆ ಹೇಳಿದ. "ಇಷ್ಟು ವರ್ಷ ಇಲ್ಲದ ಪ್ರೀತಿ ಈಗೆಲ್ಲಿಂದ ಉಕ್ಕಿ ಬಂತು?" ಎಂದು ಅವಳು ಒಡಕು ಗಂಟಲಲ್ಲಿ ಕೇಳಿದಳಂತೆ. ಅವನು ಉತ್ತರ ಕೊಡುವಷ್ಟರಲ್ಲಿ ಅವಳಿಗೆ ಕೆಮ್ಮು ಬಂತು.

ಅವರ ಮನೆಯ ಟ್ಯೂನರ್ ಅವನೇ ಜೋಡಿಸಿದ ಹಳೆಯ ಕಂಪ್ಯೂಟರೊಂದರಲ್ಲಿತ್ತು, ಆಂಟೆನಾ ತಾರಸಿಯ ಮೇಲೆ. ಅಲೆ ಅಲ್ಲಿ ದುರ್ಬಲ. ಟ್ಯೂನರನ್ನು ಯಾರೂ ತೆರೆದಿಟ್ಟುಕೊಳ್ಳದಿದ್ದರೆ ಅದು ನಿದ್ದೆ ಹೋಗುತ್ತದೆ. ಮತ್ತೆ ಎಬ್ಬಿಸಿದಾಗ ಅಲೆಯನ್ನು ಹಿಡಿಯಲು ತಡಕಾಡುತ್ತದೆ. ಗಾಳಿಯ ದಿನ ಹಿಡಿಯದೆಯೂ ಹೋಗಬಹುದು. ಆದ್ದರಿಂದ ಅದನ್ನು ಮೊದಲೇ ಎಬ್ಬಿಸಿ, ಅವಳ ಚಾನೆಲ್ಲಿಗೆ ಹೊಂದಿಸಿ, ಆಮೇಲೆ ಹಕ್ಕನ್ನು ಬಿಟ್ಟುಕೊಟ್ಟು ಬರೀ ನೋಡುವವನಾಗಿ ಕೂರುವುದು ಅವನ ಯೋಜನೆ. ಕಾರ್ಯಕ್ರಮದ ಹೊತ್ತಿಗೆ ಸರಿಯಾಗಿ ಧ್ವನಿ, ಚಿತ್ರಗಳನ್ನು ಹಿಡಿದಿಡುವ ಪ್ರೋಗ್ರಾಮು ತಾನಾಗಿ ಎದ್ದು, ಯಜಮಾನರಲ್ಲಿ ನಡೆಸುವ ಹಕ್ಕು ಕೇಳಿ, ಒಳಗೆ ಬರಬೇಕಾಗಿತ್ತು. ಅದನ್ನೂ ಅವನೇ ಬರೆದಿದ್ದ. ಒಳಗೆ ಜನ ಇದ್ದರೆ ಬಾಗಿಲು ಬಡಿಯುತ್ತ ನಿಲ್ಲಬಾರದು, ಒಂದು ಸಾಲು ಬರೆದಿಟ್ಟು ಹಿಂದಿರುಗಬೇಕು ಎಂದು ಅದಕ್ಕೂ ತನ್ನ ಸೌಜನ್ಯವನ್ನೇ ಕಲಿಸಿದ್ದ.

ಆ ಸಂಜೆ ಗಾಳಿಯೆದ್ದಿತು. ತಾರಸಿಯ ಆಂಟೆನಾ ಅಲ್ಲಾಡಿತು. ಅಲೆಯ ಬಲವನ್ನು ತೋರಿಸುವ ಅಂಕಿ ಏರಿ ಇಳಿದು, ಏರಿ ಇಳಿದು ಮಾಡತೊಡಗಿತು. ಈಗ ಹಕ್ಕು ಬಿಟ್ಟು ಮತ್ತೆ ತೆರೆಯುವ ನಡುವೆ ಟ್ಯೂನರ್ ಮಲಗಿಬಿಟ್ಟರೆ? ಮಲಗಿ ಮತ್ತೆ ಏಳದಿದ್ದರೆ? ಇನ್ನೊಂದು ಗಳಿಗೆ, ಗಾಳಿ ತಗ್ಗಲಿ, ಆಮೇಲೆ ಬಿಡೋಣ ಎಂದು ಕೂತ. ಚಾನೆಲ್ಲನ್ನು ಕೂದಲೆಳೆಯಷ್ಟು ಆಚೆಗೆ ಈಚೆಗೆ ಸರಿಸುತ್ತ, ಅಂಕಿಯಲ್ಲೇ ಕಣ್ಣಿಟ್ಟು ಕೂತ. ಅಂಕಿ ಮತ್ತೆ ಕುಸಿಯದಂತೆ ನೋಡಿಕೊಂಡ. ಬಿಡಬೇಕಾಗಿತ್ತು ಎಂಬುದೇ ಮರೆತುಹೋಯಿತು.

ಅದೇ ಹೊತ್ತಿಗೆ ನಾನು ನನ್ನ ಮನೆಯಲ್ಲಿ, ಟಿ.ವಿ.ಯ ಮುಂದೆ, ತಂಗಿ ಓದುವುದನ್ನು ನೋಡುತ್ತಿದ್ದೆ. ಅವನ ಆಂಟೆನಾವನ್ನು ಅಲುಗಿಸುತ್ತಿದ್ದ ಗಾಳಿಯ ಸುದ್ದಿಯನ್ನೇ ಅವಳು ಹೇಳುತ್ತಿದ್ದಳು.

ಕಾರ್ಯಕ್ರಮ ಮುಗಿದ ಮೇಲೆ, ಒಳ್ಳೆಯ ಅಂಕಿಗಳ ಸಮಾಧಾನದಲ್ಲಿ, ಹಿಡಿದದ್ದನ್ನು ಹಾಕಿ ನೋಡಹೋದ. ಏನೂ ಇರಲಿಲ್ಲ. ಆ ಪ್ರೋಗ್ರಾಮು ಸರಿಯಾದ ಹೊತ್ತಿಗೆ ಎದ್ದಿತ್ತು, ಕೇಳಿತ್ತು, ಒಳಗೆ ಜನ ಇದ್ದಾರೆಂಬ ಉತ್ತರ ಪಡೆದು, ಕಲಿಸಿದಂತೆ ಒಂದು ಸಾಲು ಬರೆದಿಟ್ಟು ಹಿಂದಿರುಗಿತ್ತು. ಒಳಗಿದ್ದವನು ಅವನೇ.

ಅವಳು ಓದು ಮುಗಿಸಿ ಮನೆಗೆ ಬಂದಳು. ಚಪ್ಪಲಿ ಬಿಡುತ್ತ, "ಬಂತಾ?" ಎಂದು ಕೇಳಿದಳು.

"ಬಂತು" ಎಂದ.

ಅವನು ತಡಮಾಡದೆ ಕೊಟ್ಟ ಉತ್ತರ ಬಹುಶಃ ಅದೊಂದೇ. ಮರುದಿನದಿಂದ ಗಂಟಲಿಗೆ ವಿಶ್ರಾಂತಿ, ಪಿಟಕ್ಕೆನ್ನಕೂಡದು ಎಂದು ಆಸ್ಪತ್ರೆಯ ಕಟ್ಟಪ್ಪಣೆಯಾಗಿತ್ತು. ಆ ರಾತ್ರಿಯೊಂದು ಉಳಿದಿತ್ತು. ಇನ್ನೊಮ್ಮೆ ಮಾತಾಡು ಎಂದು ಕೇಳಬೇಕಾದರೆ ಎಲ್ಲವನ್ನೂ ಹೇಳಬೇಕಾಗಿತ್ತು. ಅವನು ಹೇಳಲಿಲ್ಲ. ಆ ಮನೆಯಲ್ಲಿ ಆ ರಾತ್ರಿ ಅವಳು ಏನೇನು ಮಾತಾಡಿದಳೋ ನನಗೆ ಗೊತ್ತಿಲ್ಲ. ಹಾಲಿನವನಿಗೆ ಬೇಡವೆಂದು ತಿಳಿಸಬೇಕು, ಒಗೆಯುವ ಬಟ್ಟೆ ನೆನೆಹಾಕಬೇಕು ಎಂಬಂಥ ಮಾತುಗಳೇ ಇದ್ದಿರಬೇಕು.

ಶಸ್ತ್ರಚಿಕಿತ್ಸೆಯಾಗಿ ಅವಳು ಮನೆಗೆ ಬಂದ ಮೇಲೆ, ಒಂದು ಬೆಳಿಗ್ಗೆ ನಾನು ಅಲ್ಲಿದ್ದೆ. ಅವಳ ತೊಡೆಯ ಮೇಲೆ ಸ್ಲೇಟು ಇತ್ತು. ಮಾತು ಹೋದದ್ದಕ್ಕೆ ಅವಳು ನಮ್ಮ ಮುಂದೆ ಅಳಲಿಲ್ಲ. ತನಗೆ ಮೊದಲೇ ಗೊತ್ತಿತ್ತೆಂದೂ, ವೈದ್ಯರ ಮುಖ ಓದಲು ಬಾರದಷ್ಟು ದಡ್ಡಿ ತಾನಲ್ಲವೆಂದೂ ಬರೆದು ತೋರಿಸಿದ್ದಳು. ಅಂದು ಬರೆದದ್ದು: "ಅದನ್ನ ಹಾಕಿ. ಕೇಳೋಣ."

ಅವನು ಎದ್ದು ನಿಂತ. ಕೂತ. ಆಮೇಲೆ ಹೇಳಿದ. "ಬರ್ಲಿಲ್ಲ. ಸುಳ್ಳು ಹೇಳ್ದೆ. ನಾನೇ ಒಳಗೆ ಕೂತಿದ್ದೆ."

ಗಂಡನ ಕಸುಬಿನ ಮಾತು ಅವಳಿಗೆ ಅರ್ಥವಾಗುತ್ತಿತ್ತು; ಇನ್ನೇನೂ ವಿವರಿಸಬೇಕಾಗಲಿಲ್ಲ. ಸ್ಲೇಟನ್ನು ಅಂಗೈಯಿಂದ ಒರೆಸಿ, ನಿಧಾನವಾಗಿ ಬರೆದಳು: "ಹೋಗ್ಲಿ. ನೋಡಿದ್ರಾ?"

"ಇಲ್ಲ" ಎಂದ. "ಅಂಕಿ ನೋಡ್ತಿದ್ದೆ."

ಅವಳು ಅವನನ್ನು ಬಹಳ ಹೊತ್ತು ನೋಡಿದಳು. ನಾನು ಆ ಮುಖವನ್ನು ವರ್ಣಿಸಲಾರೆ, ವರ್ಣಿಸುವುದು ತಕ್ಕುದೂ ಅಲ್ಲ. ಕೊನೆಗೆ ಸ್ಲೇಟನ್ನು ನನ್ನ ಕಡೆ ತಿರುಗಿಸಿದಳು: "ಅಕ್ಕ, ನೀನು ಹೇಳು ಇವ್ರಿಗೆ."

ಹೇಳಿದೆ. ಆ ಸಂಜೆ ಟಿ.ವಿ.ಯಲ್ಲಿ ಅವಳು, ಉತ್ತರದ ಗುಡ್ಡಗಳ ಮೇಲೆ ಮೋಡ ಕವಿಯಲಿದೆ ಎಂದಳು. ಸಮುದ್ರದ ಕಡೆಯಿಂದ ಗಾಳಿ ಜೋರಾಗುತ್ತದೆ, ದೋಣಿಯವರು ದಡದಲ್ಲೇ ಇರುವುದು ಒಳ್ಳೆಯದು ಎಂದಳು. ಗಾಳಿ ಎನ್ನುವಾಗ ಸ್ವರ ಒಡೆಯಿತು; ಯಾವತ್ತೂ ಹಾಗೆ ಮಾಡದವಳು ಕ್ಯಾಮೆರಾದ ಮುಂದೆಯೇ ಲೋಟ ಎತ್ತಿ ನೀರು ಕುಡಿದಳು, ನಕ್ಕಳು, ಮತ್ತೆ ಓದಿದಳು. ನಗರದಲ್ಲಿ ನಾಳೆ ಬಿಸಿಲು ಎಂದಳು. ನಡುವೆ ಅವಳು ಸ್ಲೇಟು ಕುಟ್ಟಿ ನನ್ನನ್ನು ತಡೆದಳು: "ಗುಡ್ಡ ಅಲ್ಲ, ಕಣಿವೆ. ಮೇಡಂ, ಪಾಠ ಸರಿಯಾಗಿ ಒಪ್ಪಿಸಿ." ನಾನು ತಿದ್ದಿಕೊಂಡೆ. ಅವನು ತಲೆ ತಗ್ಗಿಸಿ, ಹಸಿದವನು ಉಣ್ಣುವ ಹಾಗೆ ಕೇಳಿದ.

ಅವಳು ಮುಂದೆ ಕೆಲವು ವರ್ಷ ಬದುಕಿದಳು. ಬೆಳಿಗ್ಗೆ ಎದ್ದು ಸ್ಲೇಟಿನ ಮೇಲೆ ಅಂದಿನ ಹವಾಮಾನ ಬರೆದು ಊಟದ ಮೇಜಿನ ಮೇಲೆ ನಿಲ್ಲಿಸುವುದನ್ನು ರೂಢಿ ಮಾಡಿಕೊಂಡಳು: "ಯಜಮಾನರ ಹುಬ್ಬಿನ ಸುತ್ತ ಮೋಡ. ಕಾಫಿಯ ನಂತರ ತಿಳಿಯಾಗುವ ಸಂಭವ." ಅವನು ಕೆಲಸದಿಂದ ಬೇಗ ಬರತೊಡಗಿದ. ಬಂದು ಅವಳ ಎದುರಿಗೆ ಕುರ್ಚಿ ಹಾಕಿಕೊಂಡು, ಏನೂ ಮಾಡದೆ ಅವಳನ್ನು ನೋಡುತ್ತ ಕೂರುತ್ತಿದ್ದ. "ನನ್ನ ಮುಖದಲ್ಲೇನು ಅಂಕಿ ಓಡ್ತಿದ್ಯಾ?" ಎಂದು ಅವಳು ಬರೆದು ತೋರಿಸಿದರೂ ಕದಲುತ್ತಿರಲಿಲ್ಲ. ಕಂಪನಿಯಲ್ಲಿ ತಿಂಗಳುಗಟ್ಟಲೆ ವಾದ ಮಾಡಿ ಒಂದು ನಿಯಮ ತಂದನೆಂದು ಆ ಪಕ್ಕದ ಮೇಜಿನ ಹೆಂಗಸು ಹೇಳಿದಳು: ಟ್ಯೂನರನ್ನು ನಡೆಸುವ ಹಕ್ಕಿನಿಂದ ತೆರೆದವರು ಸುಮ್ಮನೆ ಹಿಡಿದು ಕೂತರೆ ಪ್ರೋಗ್ರಾಮೇ ಅದನ್ನು ಬಿಡಿಸಿಬಿಡಬೇಕು. ಯಾಕಿಷ್ಟು ಹಟವೆಂದು ಅಲ್ಲಿ ಯಾರಿಗೂ ತಿಳಿಯಲಿಲ್ಲ.

ರೋಗ ಮತ್ತೆ ಬಂದು ಅವಳನ್ನು ಕರೆದೊಯ್ದ ಮೇಲೆ ಅವನು ಆಗಾಗ ನಮ್ಮ ಮನೆಗೆ ಬರುತ್ತಾನೆ. ತಟ್ಟುತ್ತಾನೆ, ಕೇಳುತ್ತಾನೆ, ಬರುತ್ತಾನೆ. ಮೊದಮೊದಲು, ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ, ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು, "ಅತ್ತಿಗೆ, ಅವತ್ತಿಂದು ಒಂದ್ಸಲ ಹೇಳ್ತೀರಾ?" ಎನ್ನುತ್ತಿದ್ದ. ನಾನು ಹೇಳುತ್ತಿದ್ದೆ. ಕಣಿವೆ, ಮೋಡ, ದೋಣಿ, ನೀರಿನ ಲೋಟ, ನಗು. ಹೇಳುತ್ತ ಹೇಳುತ್ತ ಒಂದು ದಿನ ನನಗೆ ತಿಳಿಯಿತು, ನಾನು ಹೇಳುತ್ತಿದ್ದ ವಾಕ್ಯಗಳು ನನ್ನವಾಗಿಬಿಟ್ಟಿವೆ. ತರಗತಿಯಲ್ಲಿ ಪಾಠ ಹೇಳಿದವಳ ವಾಕ್ಯಗಳು, ನೀಟಾಗಿ, ಒಂದರ ಹಿಂದೆ ಒಂದು. ಸ್ಲೇಟು ಕುಟ್ಟಿ ತಡೆಯುವವಳು ಇರಲಿಲ್ಲ. ಅವಳ ಸ್ವರವನ್ನು ನೆನೆಸಿಕೊಳ್ಳಲು ನೋಡಿದೆ. ಕೇಳಿಸಿದ್ದು ನನ್ನದೇ ಸ್ವರ.

ಮುಂದಿನ ಸಲ ಅವನು ಕೇಳಿದಾಗ ಹೇಳಿದೆ: "ಇನ್ನು ಹೇಳಲ್ಲಪ್ಪ. ನಾನು ಹೇಳೋದ್ರಲ್ಲಿ ಅವಳದ್ದು ಏನೂ ಉಳಿದಿಲ್ಲ. ಮುದುಕಿ ತಲೆ, ನಂಬಬೇಡ."

ಅವನು, "ನೀರು ಕುಡಿದಿದ್ದು ನಿಜ ತಾನೇ?" ಎಂದು ಕೇಳಿದ.

"ಅದು ನಿಜ."

"ಸರಿ ಅತ್ತಿಗೆ" ಎಂದ. ಆಮೇಲೆ ಎಂದೂ ಕೇಳಿಲ್ಲ. ಈಗಲೂ ಬರುತ್ತಾನೆ, ಬೆಲೆ ಏರಿದ್ದು, ಮೊಣಕಾಲಿನ ನೋವು, ಇಂಥವುಗಳನ್ನು ಮಾತಾಡಿ ಹೋಗುತ್ತಾನೆ.

ಇಂಥವರು ಎಲ್ಲ ಮನೆಗಳಲ್ಲೂ ಒಬ್ಬೊಬ್ಬರಿರುತ್ತಾರೆ. ಎಲ್ಲರೂ ನಿಂತು ಫೋಟೋ ತೆಗೆಸಿಕೊಳ್ಳುವಾಗ ಕ್ಯಾಮೆರಾದ ಹಿಂದೆ ಇರುವವರು, ರೈಲು ಹೊರಡುವಾಗ ಬೀಳ್ಕೊಡುವುದನ್ನು ಬಿಟ್ಟು ಪೆಟ್ಟಿಗೆಗಳನ್ನು ಎಣಿಸುವವರು, ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಕೂತು ಮಲಗಿರುವವರ ಮುಖದ ಬದಲು ಗ್ಲೂಕೋಸಿನ ಹನಿಯನ್ನು ನೋಡುವವರು. ಇವರಿಗೆ ಪ್ರೀತಿ ಕಡಿಮೆ ಎಂದು ಜನ ತಿಳಿಯುತ್ತಾರೆ, ಅದು ತಪ್ಪು. ಪ್ರೀತಿಸಿದ್ದನ್ನು ಕಾಯದೆ ಬರಿದೇ ನೋಡುವುದು ಇವರಿಗೆ ಸೋಮಾರಿತನವೆನ್ನಿಸುತ್ತದೆ, ಅಷ್ಟೇ. ಕೈಬಿಟ್ಟರೆ ಹೋದೀತೆಂದು ಬಿಗಿಯಾಗಿ ಹಿಡಿಯುತ್ತಾರೆ, ಹಿಡಿದ ಕೈಯೇ ಅಡ್ಡವಾಗುತ್ತದೆ, ಹೋಗುವುದು ಹೋಗುತ್ತದೆ. ಏನನ್ನೂ ಕಾಯದೆ ಕೈಕಟ್ಟಿ ಕೂತಿದ್ದ ನಮ್ಮಂಥವರ ಕಣ್ಣಿಗೆ ಆ ಹೋಗುವುದು ಬೀಳುತ್ತದೆ. ನೋಡಿದ್ದನ್ನು ನಾವು ಮರೆತುಬಿಡುತ್ತೇವೆ. ಸಾಕು, ಬಿಟ್ಟು ಈಚೆ ಬಾ, ಒಂದು ಸಲ ತಲೆಯೆತ್ತಿ ನೋಡು ಎಂದು ಅವರಿಗೆ ಹೊತ್ತಿಗೆ ಸರಿಯಾಗಿ ಹೇಳುವವರು ಬೇಕು. ಯಾರೂ ಹೇಳುವುದಿಲ್ಲ. ಅವರ ಕಾವಲು ನಮಗೆಲ್ಲ ಅನುಕೂಲವಾಗಿರುತ್ತದೆ.